ದುಡ್ಡು ಕೊಟ್ಟು ತಂದ ಆಫರ್ ಲೆಟರ್‌ಗೆ ವಿಸಾ ಸಿಗದು

ಹಿಂದೆಲ್ಲ ನಮ್ಮ ಮನೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ವಿಸಾ ಬಂತಾ?’ ಈಗ ಆ ಜಾಗಕ್ಕೆ ಇನ್ನೊಂದು ಪ್ರಶ್ನೆ ಬಂದು ಕೂತಿದೆ: ‘ಆಫರ್ ಲೆಟರ್ ಬಂತಾ?’ ದುಬೈ, ದಮ್ಮಾಮ್, ಜುಬೈಲ್ ಎನ್ನುತ್ತಿದ್ದವರು ಈಗ ಕೆನಡಾ, ಲಂಡನ್, ಜರ್ಮನಿ, ಆಸ್ಟ್ರೇಲಿಯಾ ಎನ್ನುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಓದಿದ ಮಕ್ಕಳು ಹೆಚ್ಚಾಗಿದ್ದಾರೆ, ಗಲ್ಫ್‌ನಲ್ಲಿ ಮೊದಲಿನ ಹಾಗೆ ಕೆಲಸ ಸಿಗುತ್ತಿಲ್ಲ, ಕುಟುಂಬ ಸಮೇತ ಒಂದು ಕಡೆ ನೆಲೆ ನಿಲ್ಲಬೇಕೆಂಬ ಆಸೆ ಎಲ್ಲರಿಗೂ ಇದೆ.

ನಮ್ಮ ಆತಂಕ ಆಸೆಯ ಬಗ್ಗೆ ಅಲ್ಲ, ಅದಕ್ಕೆ ಹಿಡಿಯುತ್ತಿರುವ ದಾರಿಯ ಬಗ್ಗೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಬರುತ್ತದೆ. ಮೇಲೆ ಕಂಪೆನಿಯ ಲಾಂಛನ, ಕೆಳಗೆ ಸೀಲು, ನಡುವೆ ದೊಡ್ಡ ಸಂಬಳ. ಜೊತೆಗೊಂದು ಮಾತು: ‘ಅರ್ಧ ಈಗ ಕೊಡಿ, ಉಳಿದದ್ದು ವಿಸಾ ಸ್ಟ್ಯಾಂಪ್ ಆದ ಮೇಲೆ ಸಾಕು.’ ಉಮ್ಮನ ಬಳೆ ಅಡವು ಬೀಳುತ್ತದೆ, ಬಾಪ ತೆಗೆದಿಟ್ಟ ಐದು ಸೆಂಟ್ಸ್ ಜಾಗ ಮಾರಾಟವಾಗುತ್ತದೆ. ಆರು ತಿಂಗಳ ಮೇಲೆ ಏಜೆಂಟನ ಫೋನು ಸ್ವಿಚ್ ಆಫ್.

ನಾವು ಇಲ್ಲಿ ಹೇಳಬೇಕಾದದ್ದು ಒಂದೇ ಮಾತು. ಪಾಶ್ಚಾತ್ಯ ದೇಶಗಳ ಕುಶಲ ಕೆಲಸಗಾರರ ವಿಸಾದಲ್ಲಿ ಆಫರ್ ಲೆಟರ್ ಎನ್ನುವುದು ಮಾರಾಟದ ವಸ್ತುವಲ್ಲ. ಅದನ್ನು ದುಡ್ಡಿಗೆ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ, ಆ ಮಾತೇ ಅದು ನಕಲಿ ಎನ್ನುವುದಕ್ಕೆ ಮೊದಲ ಸಾಕ್ಷಿ. ಈ ಒಂದು ಮಾತು ನಮ್ಮ ಮನೆ ಮನೆಗೂ ಗೊತ್ತಾದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ನಾವು ಯಾಕೆ ಸುಲಭವಾಗಿ ಬೀಳುತ್ತೇವೆ?

ಇದಕ್ಕೆ ಕಾರಣ ನಮ್ಮ ದಡ್ಡತನ ಅಲ್ಲ, ನಮ್ಮ ಅನುಭವ. ಎಪ್ಪತ್ತರ ದಶಕದ ತೈಲದ ದಿನಗಳಿಂದ ನಮ್ಮ ಜನ ಗಲ್ಫ್‌ಗೆ ಹೋದದ್ದು ಗುರ್ತದ ಮೇಲೆ. ಮಾಮ ಒಬ್ಬರು ಮೊದಲು ಹೋದರು, ಅವರು ಬಾವನನ್ನು ಕರೆಸಿದರು, ಬಾವ ನೆರೆಮನೆಯ ಹುಡುಗನಿಗೆ ವಿಸಾ ತೆಗೆದುಕೊಟ್ಟರು. ವಿಸಾಕ್ಕೆ ದುಡ್ಡು ಕೊಡುವುದು ಆಗ ಮಾಮೂಲಿ. ‘ಫ್ರೀ ವಿಸಾ’ ಎಂಬ ಹೆಸರಿನಲ್ಲಿ ಲಕ್ಷ ಲಕ್ಷ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ಕಫೀಲ್ ಕಾಗದದಲ್ಲಿ ಮಾತ್ರ, ಕೆಲಸ ಬೇರೆ ಎಲ್ಲೋ. ಅದೂ ಅಲ್ಲಿನ ಕಾನೂನಿಗೆ ವಿರುದ್ಧವೇ ಆಗಿತ್ತು. ಆದರೂ ಹೇಗೋ ನಡೆಯುತ್ತಿತ್ತು, ಮನೆ ಕಟ್ಟಿದರು, ತಂಗಿಯರ ಮದುವೆ ಮಾಡಿದರು. ಹಾಗಾಗಿ ವಿಸಾ ಎಂದರೆ ದುಡ್ಡು ಕೊಟ್ಟು ತರುವ ವಸ್ತು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಕೆನಡಾ, ಬ್ರಿಟನ್, ಜರ್ಮನಿಯ ವ್ಯವಸ್ಥೆ ಈ ಲೆಕ್ಕದ ಮೇಲೆ ನಡೆಯುವುದಿಲ್ಲ. ಅಲ್ಲಿನ ಸರಕಾರ ಮುಖ್ಯವಾಗಿ ನಾಲ್ಕು ಪ್ರಶ್ನೆ ಕೇಳುತ್ತದೆ. ಕೆಲಸ ಕೊಡುವ ಕಂಪೆನಿಗೆ ಹೊರದೇಶದವರನ್ನು ಕರೆಸುವ ಅಧಿಕಾರ ಇದೆಯಾ? ಆ ಹುದ್ದೆ ಸರಕಾರದ ಪಟ್ಟಿಯಲ್ಲಿ ಇದೆಯಾ? ಸಂಬಳ ನಿಗದಿ ಮಾಡಿದ ಮಟ್ಟಕ್ಕೆ ಮುಟ್ಟುತ್ತದೆಯಾ? ಬರುವವನಿಗೆ ಆ ಕೆಲಸದ ಓದು, ಅನುಭವ, ಭಾಷೆ ಇದೆಯಾ? ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ದಾಖಲೆಯ ಮೂಲಕ ಸಿಕ್ಕಿದರೆ ಮಾತ್ರ ಅದು ಅರ್ಹ ಆಫರ್. ಒಂದಕ್ಕೆ ‘ಇಲ್ಲ’ ಎಂದಾದರೂ, ಎಷ್ಟು ಚಂದದ ಸೀಲು ಇದ್ದರೂ ಆ ಕಾಗದ ಬರೀ ಕಾಗದ.

ಹುನ್ನೂರಿನ ಹುಡುಗನೂ ಉಳ್ಳಾಲದ ಹುಡುಗನೂ

ಇದನ್ನು ಅರ್ಥ ಮಾಡಿಕೊಳ್ಳಲು ಕರಾವಳಿಯಿಂದ ಸ್ವಲ್ಪ ಹೊರಗೆ ನೋಡೋಣ. ಬಾಗಲಕೋಟೆ ಜಿಲ್ಲೆಯ ಜಮಖಂಡಿ ಹತ್ತಿರ ಹುನ್ನೂರ ಎಂಬ ಊರಿದೆ. ಆ ಸೀಮೆಯಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆ, ರಬಕವಿ-ಬನಹಟ್ಟಿ ಕಡೆಗೆ ಮಗ್ಗ. ನಮ್ಮ ಹಾಗೆ ಮನೆಗೊಬ್ಬ ಗಲ್ಫ್‌ನಲ್ಲಿ ಇರುವ ಊರುಗಳಲ್ಲ ಅವು. ಹುನ್ನೂರಿನ ಒಬ್ಬ ಹುಡುಗ ಐಟಿಐ ಫಿಟ್ಟರ್ ಮುಗಿಸಿ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಐದು ವರ್ಷ ಕೆಲಸ ಮಾಡಿದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ದಮ್ಮಾಮ್‌ನಲ್ಲಿ ಮಾಮ ಇಲ್ಲ, ದೋಹಾದಲ್ಲಿ ಬಾವ ಇಲ್ಲ. ಆದರೆ ಅವನ ಹತ್ತಿರ ಎರಡು ವರ್ಷದ ಸರಕಾರಿ ಸರ್ಟಿಫಿಕೇಟ್ ಇದೆ, ನೇಮಕಾತಿ ಪತ್ರ ಇದೆ, ಪ್ರತಿ ತಿಂಗಳು ಬ್ಯಾಂಕಿಗೆ ಬಿದ್ದ ಸಂಬಳ ಇದೆ, ಪಿಎಫ್ ಪಾಸ್‌ಬುಕ್ ಇದೆ.

ಇನ್ನು ಉಳ್ಳಾಲದ ಹುಡುಗ. ಹತ್ತು ವರ್ಷ ಸೌದಿಯಲ್ಲಿ ಇದ್ದ, ಕೆಲಸ ಅಕೌಂಟ್ಸ್, ಕೈಯಲ್ಲಿ ಒಳ್ಳೆ ಅನುಭವ. ಆದರೆ ಇಕಾಮದಲ್ಲಿ ವೃತ್ತಿ ‘ಆಮಿಲ್’, ಅಂದರೆ ಕೂಲಿ ಕೆಲಸದವ. ಸಂಬಳ ಕೈಗೆ ನಗದು. ಅನುಭವ ಪತ್ರ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಎರಡು ಸಾಲು.

ವಿಸಾ ಅಧಿಕಾರಿಯ ಮೇಜಿನಲ್ಲಿ ಯಾರ ಫೈಲು ಗಟ್ಟಿ? ಹುನ್ನೂರಿನವನದ್ದು. ಇದು ನಮಗೆ ಕಹಿಯಾದ ಮಾತು, ಆದರೆ ತಿಳಿಯಬೇಕಾದ ಮಾತು. ಗಲ್ಫ್‌ನ ದಾರಿಯಲ್ಲಿ ಐವತ್ತು ವರ್ಷ ನಮಗೆ ಮುಂದೆ ನಿಲ್ಲಲು ಜಾಗ ಕೊಟ್ಟದ್ದು ಗುರ್ತ. ಈ ಹೊಸ ಸಾಲಿನಲ್ಲಿ ಗುರ್ತಕ್ಕೆ ಅಂಕ ಇಲ್ಲ. ಹುನ್ನೂರಿನವನೂ ಉಳ್ಳಾಲದವನೂ ಒಂದೇ ಕಡೆಯಿಂದ ಹೊರಡಬೇಕು.

ಯಾವ ದೇಶ ಏನು ಕೇಳುತ್ತದೆ?

ಬ್ರಿಟನ್‌ನಿಂದ ಶುರು ಮಾಡೋಣ, ಯಾಕೆಂದರೆ ಹೆಚ್ಚು ಮೋಸ ನಡೆಯುವುದು ಅದರ ಹೆಸರಿನಲ್ಲಿ. ಅಲ್ಲಿ ಕಂಪೆನಿಗೆ ಸರಕಾರದ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವ ಕಂಪೆನಿಗಳ ಪೂರ್ತಿ ಪಟ್ಟಿಯನ್ನು ಸರಕಾರವೇ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಆ ಕಂಪೆನಿ ನಿಮ್ಮ ಹೆಸರಿಗೆ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ನೀಡಬೇಕು. ಹೆಸರು ಸರ್ಟಿಫಿಕೇಟ್ ಆದರೂ ಅದು ಸರಕಾರದ ಕಂಪ್ಯೂಟರಿನಲ್ಲಿ ದಾಖಲಾಗುವ ಒಂದು ನಂಬರು. ಆ ನಂಬರು ಇಲ್ಲದೆ ಆಫರ್ ಲೆಟರ್ ಮಾತ್ರ ಹಿಡಿದುಕೊಂಡು ಅರ್ಜಿ ಹಾಕಲು ಆಗುವುದೇ ಇಲ್ಲ.

ಸಂಬಳದ ಮಟ್ಟವೂ ಏರಿದೆ. 2024ರ ಏಪ್ರಿಲ್‌ನಲ್ಲಿ ವರ್ಷಕ್ಕೆ 26,200 ಪೌಂಡ್‌ನಿಂದ 38,700ಕ್ಕೆ ಹೋಯಿತು, 2025ರ ಜುಲೈ 22ರಿಂದ 41,700 ಪೌಂಡ್ ಆಯಿತು. ಆಯಾ ವೃತ್ತಿಗೆ ನಿಗದಿಯಾದ ದರ ಅದಕ್ಕಿಂತ ಹೆಚ್ಚಿದ್ದರೆ ಆ ದರ ಕೊಡಬೇಕು. ಆರೋಗ್ಯ ಸೇವೆಯ ಕೆಲವು ಹುದ್ದೆಗಳಿಗೆ, ಹೊಸಬರಿಗೆ ಬೇರೆ ಲೆಕ್ಕ ಇದೆ. ಅದೇ ದಿನದಿಂದ ಹೊಸ ಅರ್ಜಿದಾರರಿಗೆ ಹುದ್ದೆ ಸಾಮಾನ್ಯವಾಗಿ ಪದವಿ ಮಟ್ಟದ್ದೇ ಆಗಿರಬೇಕು. ನಮ್ಮವರು ಹೆಚ್ಚಾಗಿರುವ ಹೋಟೆಲ್ ಅಡುಗೆಯ ಕೆಲಸ, ಅಂದರೆ ಶೆಫ್ ಹುದ್ದೆ, ಇದರಿಂದ ಹೊರಗೆ ಹೋಯಿತು. ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದು ಅದೇ ಜುಲೈ 22ಕ್ಕೆ ಬಂದ್ ಆಯಿತು. 2026ರ ಜನವರಿ 8ರಿಂದ ಇಂಗ್ಲಿಷ್ ಮಟ್ಟವನ್ನೂ ಬಿ1ನಿಂದ ಬಿ2ಗೆ ಏರಿಸಿದ್ದಾರೆ.

ಹಾಗಾದರೆ ಇವತ್ತು ನಮ್ಮ ಊರಿಗೆ ಬಂದು ‘ಯುಕೆ ಕೇರ್ ವಿಸಾ ಇದೆ, ಹನ್ನೆರಡು ಲಕ್ಷ’ ಎನ್ನುವವನು ಏನು ಮಾರುತ್ತಿದ್ದಾನೆ? ಮುಚ್ಚಿದ ಬಾಗಿಲಿನ ಟಿಕೆಟ್.

ಕೆನಡಾದಲ್ಲಿ ಬೇರೆ ರೀತಿ. 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ. ಕೆಲಸದ ಆಫರ್ ಇದ್ದರೆ 50 ಅಥವಾ 200 ಹೆಚ್ಚುವರಿ ಅಂಕ ಸಿಗುತ್ತಿತ್ತು. ಆ ಅಂಕದ ಆಸೆಗೆ ‘ಎಲ್‌ಎಂಐಎ’ ಎಂಬ ಸರಕಾರಿ ಅನುಮತಿ ಪತ್ರಗಳ ಕಳ್ಳ ವ್ಯಾಪಾರವೇ ಹುಟ್ಟಿತು. ಕೊನೆಗೆ ಕೆನಡಾ ಸರಕಾರ 2025ರ ಮಾರ್ಚ್ 25ರಂದು ಆ ಹೆಚ್ಚುವರಿ ಅಂಕವನ್ನೇ ತೆಗೆದುಹಾಕಿತು. ಮೋಸ ತಡೆಯುವುದೇ ಅದರ ಉದ್ದೇಶ ಎಂದೂ ಹೇಳಿತು. ಕೆಲವು ಯೋಜನೆಗಳಿಗೆ, ಕೆಲವು ಪ್ರಾಂತ್ಯಗಳ ಆಯ್ಕೆಗೆ ಆಫರ್ ಈಗಲೂ ಬೇಕು. ವೆಲ್ಡರ್, ಎಲೆಕ್ಟ್ರಿಷಿಯನ್‌ನಂತಹ ಕಸುಬಿನವರ ಯೋಜನೆಯಲ್ಲಿ ಐದು ವರ್ಷದೊಳಗೆ ಎರಡು ವರ್ಷದ ಅನುಭವದ ಜೊತೆ, ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಕೆಲಸದ ಆಫರ್ ಅಥವಾ ಅಲ್ಲಿನ ಪ್ರಾಂತ್ಯದ ಅರ್ಹತಾ ಸರ್ಟಿಫಿಕೇಟ್ ಬೇಕು. ಆದರೆ ‘ಎಲ್‌ಎಂಐಎ ತಂದರೆ ಪಿಆರ್‌ಗೆ 50 ಅಂಕ ಗ್ಯಾರಂಟಿ’ ಎಂದು ಇನ್ನೂ ಹೇಳುವವರು ಹಳೇ ಕ್ಯಾಲೆಂಡರ್ ಮಾರುತ್ತಿದ್ದಾರೆ.

ಜರ್ಮನಿಗೆ ಕೆಲಸಗಾರರ ಕೊರತೆ ಇದೆ. ಭಾರತೀಯ ಕುಶಲ ಕೆಲಸಗಾರರಿಗೆ ಕೊಡುವ ವಿಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಅಲ್ಲಿನ ಬ್ಲೂ ಕಾರ್ಡ್‌ಗೆ 2025ರಲ್ಲಿ ವರ್ಷಕ್ಕೆ 48,300 ಯೂರೋ ಸಂಬಳದ ಆಫರ್ ಬೇಕಿತ್ತು, ಜನ ಸಿಗದ ವೃತ್ತಿಗಳಿಗೆ ಸ್ವಲ್ಪ ಕಡಿಮೆ. ಈ ಮೊತ್ತ ವರ್ಷ ವರ್ಷ ಏರುತ್ತದೆ. ಆಫರ್ ಇಲ್ಲದವರಿಗೆ 2024ರ ಜೂನ್ 1ರಿಂದ ‘ಚಾನ್ಸೆನ್‌ಕಾರ್ಟೆ’ ಎಂಬ ಅವಕಾಶ ಕಾರ್ಡ್ ಇದೆ. ಪದವಿ ಅಥವಾ ಕನಿಷ್ಠ ಎರಡು ವರ್ಷದ ಮಾನ್ಯತೆ ಪಡೆದ ವೃತ್ತಿ ತರಬೇತಿ, ಜೊತೆಗೆ ಎ1 ಮಟ್ಟದ ಜರ್ಮನ್ ಅಥವಾ ಬಿ2 ಮಟ್ಟದ ಇಂಗ್ಲಿಷ್, ಅಲ್ಲಿ ಇರುವಷ್ಟು ದಿನದ ಖರ್ಚಿಗೆ ಹಣ, ಇದರ ಮೇಲೆ ಆರು ಅಂಕ ಇದ್ದರೆ ಒಂದು ವರ್ಷದವರೆಗೆ ಅಲ್ಲಿದ್ದು ಕೆಲಸ ಹುಡುಕಬಹುದು. ವಾರಕ್ಕೆ 20 ಗಂಟೆ ದುಡಿಯಲೂ ಬಹುದು. ಆದರೆ ಇದು ಕೆಲಸದ ಗ್ಯಾರಂಟಿ ಅಲ್ಲ. ಜರ್ಮನ್ ಭಾಷೆ ಬಾರದೆ ಹೋದವನಿಗೆ ಒಂದು ವರ್ಷ ಬಹಳ ಬೇಗ ಮುಗಿಯುತ್ತದೆ.

ಖರ್ಚು ಯಾರದು?

ನಿಜವಾದ ಆಫರ್ ಮತ್ತು ನಕಲಿ ಆಫರ್ ಗುರುತಿಸಲು ಎಲ್ಲಕ್ಕಿಂತ ಸುಲಭದ ದಾರಿ ಇದು: ದುಡ್ಡು ಯಾವ ಕಡೆ ಹರಿಯುತ್ತಿದೆ ಎಂದು ನೋಡುವುದು.

ಬ್ರಿಟನ್‌ನಲ್ಲಿ ಸ್ಪಾನ್ಸರ್ ಲೈಸೆನ್ಸ್ ಶುಲ್ಕ, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಶುಲ್ಕ, ಕೌಶಲ ತೆರಿಗೆ ಎಲ್ಲ ಕಂಪೆನಿಯೇ ಕಟ್ಟಬೇಕು. ಕೆಲಸಗಾರನಿಂದ ವಸೂಲಿ ಮಾಡುವ ಹಾಗಿಲ್ಲ. ಕೆನಡಾದಲ್ಲಿ ಎಲ್‌ಎಂಐಎಗೆ 1,000 ಡಾಲರ್ ಶುಲ್ಕ, ಅದೂ ಕಂಪೆನಿಯದ್ದು. ಆಸ್ಟ್ರೇಲಿಯಾದಲ್ಲಿ ವಿಸಾ ಪ್ರಾಯೋಜಕತ್ವಕ್ಕೆ ದುಡ್ಡು ಕೇಳುವುದೂ ಕೊಡುವುದೂ 2015ರ ಡಿಸೆಂಬರ್‌ನಿಂದ ಕಾನೂನುಬಾಹಿರ. ಯುಎಇಯ ಕಾರ್ಮಿಕ ಕಾನೂನು ಕೂಡ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕಬಾರದು ಎನ್ನುತ್ತದೆ. ನಮ್ಮ ಮೇಲೆ ಬರುವ ಖರ್ಚು ಇರುತ್ತದೆ: ಭಾಷಾ ಪರೀಕ್ಷೆ, ಸರ್ಟಿಫಿಕೇಟ್ ಮೌಲ್ಯಮಾಪನ, ವೈದ್ಯಕೀಯ ತಪಾಸಣೆ, ವಿಸಾ ಶುಲ್ಕ, ಬ್ರಿಟನ್‌ಗಾದರೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ. ಇವೆಲ್ಲ ಸಾಮಾನ್ಯವಾಗಿ ಸರಕಾರಕ್ಕೆ, ಪರೀಕ್ಷೆ ನಡೆಸುವ ಸಂಸ್ಥೆಗೆ ನೇರ ಹೋಗುವ ದುಡ್ಡು, ರಶೀದಿ ಸಿಗುವ ದುಡ್ಡು. ‘ಕೆಲಸಕ್ಕೆ ಇಷ್ಟು’ ಎಂದು ಯಾರದ್ದೋ ಸ್ವಂತ ಖಾತೆಗೆ ಹಾಕುವ ದುಡ್ಡಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ನಮ್ಮ ದೇಶದ ಕಾನೂನೂ ಸ್ಪಷ್ಟ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಅವನು ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ‘ಇ-ಮೈಗ್ರೇಟ್’ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹತ್ತು ಲಕ್ಷ ಕೇಳುವವನ ಹತ್ತಿರ ‘ನಿಮ್ಮ ನೋಂದಣಿ ನಂಬರ್ ಎಷ್ಟು?’ ಎಂದು ಒಂದು ಮಾತು ಕೇಳಿ ನೋಡಿ. ಅಲ್ಲಿಂದ ಮುಂದೆ ಅವನ ಧ್ವನಿಯೇ ಬದಲಾಗುತ್ತದೆ.

ಹೋದದ್ದು ದುಡ್ಡು ಮಾತ್ರ ಅಲ್ಲ

‘ಹೋದರೆ ದುಡ್ಡು ಹೋಯಿತು, ಇನ್ನೊಮ್ಮೆ ನೋಡುವ’ ಎನ್ನುವವರಿದ್ದಾರೆ. ಇಲ್ಲಿ ಒಂದು ದೊಡ್ಡ ಅಪಾಯ ಇದೆ. ನಕಲಿ ಆಫರ್, ನಕಲಿ ಅನುಭವ ಪತ್ರ ಇಟ್ಟು ಅರ್ಜಿ ಹಾಕಿದರೆ ಕೆನಡಾ ಐದು ವರ್ಷ ಬಾಗಿಲು ಹಾಕುತ್ತದೆ. ಬ್ರಿಟನ್ ವಂಚನೆ ಎಂದು ಕಂಡರೆ ಹತ್ತು ವರ್ಷದವರೆಗೆ ನಿಷೇಧ ಹಾಕಬಹುದು. ‘ನನಗೆ ಗೊತ್ತಿರಲಿಲ್ಲ, ಏಜೆಂಟ್ ಮಾಡಿದ್ದು’ ಎಂಬ ಮಾತು ಹೆಚ್ಚಾಗಿ ನಡೆಯುವುದಿಲ್ಲ, ಯಾಕೆಂದರೆ ಅರ್ಜಿಗೆ ಸಹಿ ನಿಮ್ಮದು. ಮುಂದೆ ಬೇರೆ ದೇಶಕ್ಕೆ ಅರ್ಜಿ ಹಾಕುವಾಗಲೂ ‘ಹಿಂದೆ ಎಲ್ಲಾದರೂ ವಿಸಾ ನಿರಾಕರಣೆ ಆಗಿದೆಯಾ?’ ಎಂಬ ಪ್ರಶ್ನೆ ಎದುರು ಬರುತ್ತದೆ. ಇಪ್ಪತ್ತಾರು ವಯಸ್ಸಿನ ಹುಡುಗನಿಗೆ ಹತ್ತು ವರ್ಷ ನಿಷೇಧ ಎಂದರೆ ಹೆಚ್ಚು ಅಂಕ ಸಿಗುವ ವಯಸ್ಸೇ ಮುಗಿದ ಹಾಗೆ.

ಇದಕ್ಕಿಂತಲೂ ಕೆಟ್ಟದ್ದು ಇದೆ. 2023ರ ಕೊನೆಗೆ ಕಲಬುರಗಿಯ ಯುವಕರು ಸೆಕ್ಯುರಿಟಿ, ಸಹಾಯಕ ಕೆಲಸ ಎಂಬ ಮಾತು ನಂಬಿ ರಷ್ಯಾಕ್ಕೆ ಹೋದರು. ಅಲ್ಲಿ ಅವರನ್ನು ಯುದ್ಧದ ಮುಂಚೂಣಿಗೆ ತಳ್ಳಲಾಯಿತು. ಬದುಕಿ ಊರಿಗೆ ಮರಳುವಾಗ 2024ರ ಸೆಪ್ಟೆಂಬರ್ ಆಗಿತ್ತು. ಈ ಜಾಲದ ಮೇಲೆ 2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ಗೆ ‘ಡೇಟಾ ಎಂಟ್ರಿ’ ಕೆಲಸ ಎಂದು ಹೋದ ಭಾರತೀಯರನ್ನು ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅವರ ಕೈಯಲ್ಲೂ ಒಂದು ಆಫರ್ ಇತ್ತು ಎಂಬುದನ್ನು ಮರೆಯಬಾರದು.

ಹಾಗಾದರೆ ನಿಜವಾದ ಆಫರ್ ಹೇಗೆ ಸಿಗುವುದು?

ಎಚ್ಚರಿಕೆ ಹೇಳಿ ನಿಲ್ಲಿಸಿದರೆ ಅದು ಬರೀ ಉಪದೇಶ. ದಾರಿ ಇದೆ, ಅದು ನಿಧಾನದ ದಾರಿ. ಏಜೆಂಟನಿಗೆ ಕೊಡುವ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲು, ಮತ್ತೆ ಒಂದೆರಡು ವರ್ಷದ ಸಮಯ ಸಾಕು.

ಮೊದಲನೆಯದು ಹೆಸರು. ಇದು ನಮ್ಮವರಿಗೇ ಹೆಚ್ಚು ಮಂಡೆಬಿಸಿ ತರುವ ವಿಷಯ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ‘ಮುಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಕೊನೆಯ ಹೆಸರಿನ ಜಾಗ ಖಾಲಿ, ಡಿಗ್ರಿಯಲ್ಲಿ ಬಾಪನ ಹೆಸರಿನ ಇನಿಷಿಯಲ್ ಮಾತ್ರ. ಒಂದೇ ಹೆಸರಿನ ಪಾಸ್‌ಪೋರ್ಟ್‌ನಲ್ಲಿ ವಿಸಿಟ್ ವಿಸಾ ಇಲ್ಲ ಎಂದು 2022ರ ನವೆಂಬರ್‌ನಲ್ಲಿ ಯುಎಇ ಹೇಳಿದಾಗ ಎಷ್ಟು ಮನೆಗಳಲ್ಲಿ ಗಡಿಬಿಡಿ ಆಯಿತು, ನೆನಪಿರಬಹುದು. ಮಗು ಶಾಲೆಗೆ ಸೇರುವಾಗಲೇ ಪೂರ್ತಿ ಹೆಸರು ಒಂದೇ ಕಾಗುಣಿತದಲ್ಲಿ ಹಾಕಿಸಿ. ದೊಡ್ಡವರು ಅರ್ಜಿ ಹಾಕುವ ಮೊದಲು ಸರಿಮಾಡಿಸಿ. ಆಮೇಲೆ ಅಲ್ಲ.

ಎರಡನೆಯದು ಅನುಭವದ ದಾಖಲೆ. ಗಲ್ಫ್‌ನಲ್ಲಿ ಈಗ ಇರುವವರು ಇಂದಿನಿಂದಲೇ ಶುರು ಮಾಡಬೇಕು. ಮಾಡುವ ಕೆಲಸ ಮತ್ತು ಇಕಾಮದ ವೃತ್ತಿ ಒಂದೇ ಆಗುವ ಹಾಗೆ, ಸಾಧ್ಯವಿದ್ದರೆ, ಬದಲಿಸಿಕೊಳ್ಳಿ. ಸಂಬಳ ಬ್ಯಾಂಕಿಗೆ ಬೀಳಲಿ. ಬಿಟ್ಟು ಬರುವಾಗ ಏನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ ಎಂದು ವಿವರವಾಗಿ ಬರೆದ ಪತ್ರ ತನ್ನಿ. ಊರಿನಲ್ಲಿ ಕೆಲಸ ಮಾಡುವವರು ಪಿಎಫ್ ಇರುವ ಕೆಲಸವನ್ನು ಸ್ವಲ್ಪ ಸಂಬಳ ಕಡಿಮೆ ಇದ್ದರೂ ಬಿಡಬೇಡಿ. ಹುನ್ನೂರಿನ ಹುಡುಗನ ಬಲ ಅದೇ.

ಮೂರನೆಯದು ಭಾಷೆ. ಐಇಎಲ್‌ಟಿಎಸ್‌ನಲ್ಲಿ ಒಂದು ಬ್ಯಾಂಡ್ ಮೇಲೆ ಹೋದರೆ ಕೆನಡಾದ ಅಂಕಪಟ್ಟಿಯಲ್ಲಿ ಸಿಗುವ ಲಾಭ, ಯಾವ ಏಜೆಂಟನ ಆಫರ್‌ನಿಂದಲೂ ಈಗ ಸಿಗುವುದಿಲ್ಲ. ಜರ್ಮನಿಗೆ ನರ್ಸಿಂಗ್ ಕೆಲಸಕ್ಕೆ ಹೋಗುವವರಿಗೆ ಬಿ1, ಬಿ2 ಮಟ್ಟದ ಜರ್ಮನ್ ಬೇಕೇ ಬೇಕು. ನಾವು ಬ್ಯಾರಿ, ತುಳು, ಕನ್ನಡ, ಮಲಯಾಳ, ಉರ್ದು ಎಲ್ಲ ಮಾತಾಡಿಕೊಂಡು ಬೆಳೆದವರು. ಹೋದಲ್ಲಿ ಆರೇ ತಿಂಗಳಿಗೆ ಅರಬಿ ಕಲಿತವರು ನಮ್ಮ ಬಾಪಂದಿರು. ಇನ್ನೊಂದು ಭಾಷೆಗೆ ನಾವು ಹೆದರಬೇಕಾಗಿಲ್ಲ.

ನಾಲ್ಕನೆಯದು ನೇರ ಅರ್ಜಿ. ಜರ್ಮನ್ ಸರಕಾರವೇ ‘ಮೇಕ್ ಇಟ್ ಇನ್ ಜರ್ಮನಿ’ ಎಂಬ ತಾಣ ನಡೆಸುತ್ತದೆ, ಕೆನಡಾ ಸರಕಾರದ ಜಾಬ್ ಬ್ಯಾಂಕ್ ಇದೆ, ಬ್ರಿಟನ್‌ನ ಸರಕಾರಿ ಆಸ್ಪತ್ರೆಗಳು ತಮ್ಮದೇ ತಾಣದಲ್ಲಿ ಜಾಹೀರಾತು ಹಾಕುತ್ತವೆ. ನೂರು ಅರ್ಜಿ ಹಾಕಿದರೆ ತೊಂಬತ್ತೈದಕ್ಕೆ ಉತ್ತರ ಬಾರದೇ ಇರಬಹುದು. ಬೇಸರ ಆಗುತ್ತದೆ, ಹೌದು. ಆದರೆ ನಿಜವಾದ ಕಂಪೆನಿ ನಿಮ್ಮನ್ನು ಸಂದರ್ಶನ ಮಾಡದೆ, ಕೆಲಸದ ಬಗ್ಗೆ ಪ್ರಶ್ನೆ ಕೇಳದೆ ಕೆಲಸ ಕೊಡುವುದಿಲ್ಲ. ಸಂದರ್ಶನ ಇಲ್ಲದೆ ಬಂದ ಆಫರ್ ಅನುಮಾನಕ್ಕೆ ಅರ್ಹ.

ಆಫರ್ ಬಂತು ಎಂದಾದರೆ, ಕಾಗದದಲ್ಲಿ ಇರುವ ಫೋನ್ ನಂಬರಿಗೆ ಕರೆ ಮಾಡಬೇಡಿ. ಆ ಕಂಪೆನಿಯ ವೆಬ್‌ಸೈಟ್ ನೀವೇ ಹುಡುಕಿ, ಅಲ್ಲಿರುವ ವಿಳಾಸಕ್ಕೆ ಬರೆದು ಕೇಳಿ. ನಿಜ ಕಂಪೆನಿಯ ಹೆಸರು ಕದ್ದು ನಕಲಿ ಲೆಟರ್ ಮಾಡುವುದೇ ಈಗಿನ ದೊಡ್ಡ ಕಸುಬು, ಹಾಗಾಗಿ ಹೆಸರು ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಸಾಲದು. ಸಲಹೆಗಾರರ ಸಹಾಯ ಬೇಕಾದರೆ ಕೆನಡಾಕ್ಕೆ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಲೈಸೆನ್ಸ್ ಇದೆಯಾ, ಆಸ್ಟ್ರೇಲಿಯಾಕ್ಕೆ ಅಲ್ಲಿನ ನೋಂದಣಿ ಇದೆಯಾ ಎಂದು ನೋಡಿ. ಅವರು ಕೂಡ ಅರ್ಜಿ ತಯಾರಿಸಿ ಕೊಡಬಹುದು, ಆಫರ್ ಮಾರುವ ಹಾಗಿಲ್ಲ.

ಗಲ್ಫ್ ಕೂಡ ಬದಲಾಗಿದೆ

‘ಇದೆಲ್ಲ ಯಾಕೆ, ನಮಗೆ ಗಲ್ಫೇ ಸಾಕು’ ಎನ್ನುವವರಿಗೂ ಒಂದು ಮಾತು. ಸೌದಿ ಈಗ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಮುಂತಾದ ಕೆಲಸಗಳಿಗೆ ಇಲ್ಲೇ ಕೌಶಲ ಪರೀಕ್ಷೆ ಪಾಸಾಗಿ ಬನ್ನಿ ಎನ್ನುತ್ತಿದೆ. 2025ರಿಂದ ಕೆಲಸದ ಪರವಾನಗಿಯನ್ನೇ ಕೌಶಲದ ಮೇಲೆ ಮೂರು ದರ್ಜೆ ಮಾಡಿದೆ. ಯುಎಇಯ ಗ್ರೀನ್ ವಿಸಾ ಬೇಕಾದರೆ ಪದವಿ ಮತ್ತು ತಿಂಗಳಿಗೆ 15,000 ದಿರ್ಹಂ ಸಂಬಳ ಬೇಕು. ಅಂದರೆ ಲಂಡನ್‌ನ ಪ್ರಶ್ನೆ ಈಗ ರಿಯಾದ್‌ನಲ್ಲೂ ಕೇಳುತ್ತಿದ್ದಾರೆ. ಯಾವ ಕಡೆ ಹೋದರೂ ತಯಾರಿ ಒಂದೇ.

ಮತ್ತೊಂದು ಮಾತು ಹೆಣ್ಣುಮಕ್ಕಳ ಬಗ್ಗೆ. ವಿದೇಶ ಎಂದರೆ ಗಂಡು ಹೋಗುವುದು, ಹೆಣ್ಣು ಹಿಂದೆ ಹೋಗುವುದು ಎಂಬ ಲೆಕ್ಕ ಹಳೆಯದು. ದೇರಳಕಟ್ಟೆಯ ಕಾಲೇಜುಗಳಿಂದ ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಮುಗಿಸಿ ಬರುವ ನಮ್ಮ ಹೆಣ್ಣುಮಕ್ಕಳ ಅರ್ಜಿ, ಅವರ ಗಂಡಂದಿರ ಅರ್ಜಿಗಿಂತ ಎಷ್ಟೋ ಸಲ ಗಟ್ಟಿ ಇರುತ್ತದೆ. ಮುಖ್ಯ ಅರ್ಜಿದಾರಳು ಸೊಸೆ, ಜೊತೆಗೆ ಹೋಗುವವನು ಮಗ ಎಂದಾದರೆ ಅದರಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮದುವೆಯಾದ ಕೂಡಲೇ ಅವಳ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟು, ಮಗನಿಗೆ ಆಫರ್ ಕೊಳ್ಳಲು ಅವಳದ್ದೇ ಚಿನ್ನ ಅಡವಿಡುವುದು ಎಂತಹ ಲೆಕ್ಕ?

ಸರಕಾರ ಮತ್ತು ನಾವು

ಪಕ್ಕದ ಕೇರಳ ಈ ವಿಷಯದಲ್ಲಿ ಬಹಳ ಮುಂದೆ ಇದೆ. ವಿದೇಶಕ್ಕೆ ಉದ್ಯೋಗಿಗಳನ್ನು ಕಳಿಸಲು ಒಡೆಪೆಕ್ ಎಂಬ ಸರಕಾರಿ ಸಂಸ್ಥೆಯನ್ನು 1977ರಲ್ಲೇ ಮಾಡಿತು, ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆಯನ್ನು 1996ರಲ್ಲಿ ತೆರೆಯಿತು. ನರ್ಸ್‌ಗಳನ್ನು ಜರ್ಮನಿಗೆ ಕಳಿಸಲು 2021ರಲ್ಲಿ ಅಲ್ಲಿನ ಸರಕಾರಿ ಸಂಸ್ಥೆಗಳ ಜೊತೆಗೇ ಒಪ್ಪಂದ ಮಾಡಿಕೊಂಡಿತು. ನಮ್ಮ ರಾಜ್ಯದಲ್ಲೂ ಕೌಶಲ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ. ಆದರೆ ಅದರ ಹೆಸರು ಉಳ್ಳಾಲ, ಬಂಟ್ವಾಳ, ಪುತ್ತೂರಿನ ಎಷ್ಟು ಮನೆಗಳಿಗೆ ಗೊತ್ತು? ಜಮಖಂಡಿ, ಹುನ್ನೂರಿನಲ್ಲಿ ಎಷ್ಟು ಮಂದಿಗೆ ಗೊತ್ತು? ಸರಕಾರದ ಬಾಗಿಲು ಬೆಂಗಳೂರಿನಲ್ಲಿ, ನಕಲಿ ಏಜೆಂಟನ ಬಾಗಿಲು ನಮ್ಮ ಬಸ್‌ಸ್ಟ್ಯಾಂಡಿನ ಎದುರು ಇದ್ದರೆ ಜನ ಎಲ್ಲಿಗೆ ಹೋಗುತ್ತಾರೆ? ಈ ಕೇಂದ್ರದ ಮೇಜು ಪ್ರತಿ ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಐಟಿಐ, ನರ್ಸಿಂಗ್ ಕಾಲೇಜುಗಳಲ್ಲಿ ಇರಬೇಕು. ನಮ್ಮ ಜನಪ್ರತಿನಿಧಿಗಳ ಹತ್ತಿರ ರಸ್ತೆ, ಸಭಾಭವನ ಕೇಳುವ ಹಾಗೆ ಇದನ್ನೂ ಕೇಳಬೇಕು.

ಸರಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಗಲ್ಫ್‌ನಲ್ಲೂ ಊರಿನಲ್ಲೂ ನಮ್ಮ ಸಂಘ ಸಂಸ್ಥೆಗಳು ಸಾಕಷ್ಟು ಇವೆ. ಆಸ್ಪತ್ರೆ ಬಿಲ್ಲಿಗೆ, ಮದುವೆಗೆ ಸಹಾಯ ಮಾಡುತ್ತವೆ, ದೇವರು ಒಳ್ಳೆಯದು ಮಾಡಲಿ. ಅದರ ಜೊತೆ ಇನ್ನೊಂದು ಸಣ್ಣ ಕೆಲಸ ಮಾಡಬಹುದು. ಪ್ರತಿ ಜಮಾಅತ್‌ನಲ್ಲಿ ಇಂಟರ್‌ನೆಟ್ ತಿಳಿದ ಇಬ್ಬರು ಯುವಕರು, ಒಬ್ಬ ಯುವತಿ ಇದ್ದರೆ ಸಾಕು. ಯಾರಿಗೆ ಆಫರ್ ಲೆಟರ್ ಬಂದರೂ ದುಡ್ಡು ಕೊಡುವ ಮೊದಲು ಇವರ ಹತ್ತಿರ ತೋರಿಸಬೇಕು: ಕಂಪೆನಿ ಪಟ್ಟಿಯಲ್ಲಿ ಇದೆಯಾ, ಹುದ್ದೆ ನಡೆಯುತ್ತದೆಯಾ, ಏಜೆಂಟ್ ನೋಂದಣಿ ಇದೆಯಾ. ಅರ್ಧ ಗಂಟೆಯ ಕೆಲಸ. ಗುರ್ತದವರ ಮೂಲಕ ಬಂತು ಎಂದು ನಾಚಿಕೆಯಿಂದ ಕೇಳದೇ ಇರುವುದು ಬೇಡ. ಎಷ್ಟೋ ಸಲ ಆ ಗುರ್ತದವರೂ ಮೋಸ ಹೋದವರೇ ಆಗಿರುತ್ತಾರೆ, ತಮ್ಮ ದುಡ್ಡು ವಾಪಸ್ ಬರಲೆಂದು ಇನ್ನಿಬ್ಬರನ್ನು ಸೇರಿಸಿರುತ್ತಾರೆ.

ಮೋಸ ಆಗಿಯೇ ಬಿಟ್ಟರೆ ಸುಮ್ಮನೆ ಕೂರಬೇಡಿ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬೇಗ ಮಾಡಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಠಾಣೆಗೆ ಹೋಗಿ ದೂರು ಕೊಡಿ. ಇ-ಮೈಗ್ರೇಟ್‌ನಲ್ಲೂ ದೂರು ಕೊಡಲು ಅವಕಾಶ ಇದೆ. ಮಾನ ಹೋಗುತ್ತದೆ ಎಂದು ಮುಚ್ಚಿಟ್ಟ ಒಂದೊಂದು ಪ್ರಕರಣವೂ ಅದೇ ಏಜೆಂಟನಿಗೆ ಮುಂದಿನ ಮನೆಯ ಬಾಗಿಲು ತೆರೆದುಕೊಡುತ್ತದೆ.

ನಮ್ಮ ಹಿರಿಯರು ಕೈಯಲ್ಲಿ ದುಡ್ಡಿಲ್ಲದೆ ಕಡಲು ದಾಟಿದರು, ದುಡಿದು ಗೆದ್ದರು. ಅವರು ಕೂಡಿಸಿಟ್ಟದ್ದನ್ನು ಇವತ್ತು ಒಂದು ಪಿಡಿಎಫ್‌ಗೆ ಕೊಟ್ಟುಬಿಡುವುದು ಬೇಡ. ಮಗನ ಕೈಗೋ ಮಗಳ ಕೈಗೋ ಕೊಡುವುದಾದರೆ ಆ ದುಡ್ಡನ್ನು ಕೋರ್ಸಿಗೆ ಕೊಡಿ, ಭಾಷಾ ತರಗತಿಗೆ ಕೊಡಿ, ಪರೀಕ್ಷೆಯ ಶುಲ್ಕಕ್ಕೆ ಕೊಡಿ. ವಿಸಾ ಆಗದೇ ಹೋದರೂ ಕಲಿತದ್ದು ಅವರ ಹತ್ತಿರ ಉಳಿಯುತ್ತದೆ.